ನಸ್ಸೌ ಮನೆತನ ಮತ್ತು ಅದರ ಚುನಾಯಿತ ರಾಜ ಅಡಾಲ್ಫ್ (1292–1298): ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಬ್ಸ್‌ಬರ್ಗ್ ರುಡಾಲ್ಫನ ನಂತರ ಜರ್ಮನಿಯ ರಾಜ ಯಾರು ಎಂದು ಕೇಳಿದರೆ ಹೆಚ್ಚಿನವರು ಅವನ ಮಗ ಆಲ್ಬ್ರೆಕ್ಟನ ಹೆಸರು ಹೇಳುತ್ತಾರೆ. ನಡುವಿನ ಆರು ವರ್ಷ ಆಳಿದವನು ನಸ್ಸೌ ಮನೆಯ ಅಡಾಲ್ಫ್. ಶಾಲೆಯ ಪುಸ್ತಕಗಳು ಅವನನ್ನು ‘ದುರ್ಬಲ ರಾಜ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆ ತೀರ್ಪನ್ನು ನಾವು ಒಪ್ಪುವುದಿಲ್ಲ. ದುರ್ಬಲ ಎಂದುಕೊಂಡೇ ಅವನನ್ನು ಆರಿಸಿದರು, ಹಾಗೆ ನಡೆದುಕೊಳ್ಳಲಿಲ್ಲವೆಂದು ಇಳಿಸಿದರು. ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಅಡಾಲ್ಫ್ ಯಾರು? ಚುಟುಕಾಗಿ ಹೇಳಿ.

ಲಾನ್ ನದಿಯ ದಕ್ಷಿಣಕ್ಕೆ ಸಣ್ಣದೊಂದು ಸೀಮೆ ಆಳುತ್ತಿದ್ದ ಕೌಂಟ್. ತಂದೆ ಎರಡನೇ ವಾಲ್ರಾಮ್, ತಾಯಿ ಕಾಟ್ಸೆನೆಲ್ನ್‌ಬೋಗನ್ ಮನೆಯ ಆಡೆಲ್‌ಹೈಡ್. 1276ರ ಸುಮಾರಿಗೆ ಮನೆತನದ ಅಧಿಕಾರ ಕೈಗೆ ಬಂತು. 1292ರ ಮೇ 5ರಂದು ಫ್ರಾಂಕ್‌ಫರ್ಟ್‌ನಲ್ಲಿ ರಾಜನಾಗಿ ಆಯ್ಕೆಯಾದ. 1298ರ ಜೂನ್ 23ರಂದು ಮೈಂಟ್ಸ್‌ನಲ್ಲಿ ಪದಚ್ಯುತನಾದ. ಒಂಬತ್ತು ದಿನ ಕಳೆದು, ಜುಲೈ 2ರಂದು, ಗೋಲ್‌ಹೈಮ್‌ನ ರಣರಂಗದಲ್ಲಿ ಸತ್ತ.

ನಸ್ಸೌ ಮನೆತನದ ಮೂಲ ಎಲ್ಲಿ?

ಲಾನ್ ಕಣಿವೆಯ ಲೌರೆನ್‌ಬುರ್ಗ್ ಕೋಟೆಯಲ್ಲಿ. 11ನೇ ಶತಮಾನದ ಕೊನೆಗೆ ಕಾಣಿಸಿಕೊಳ್ಳುವ ಡೂಡೋ ಎಂಬವನಿಂದ ವಂಶಾವಳಿ ಶುರುವಾಗುತ್ತದೆ. 12ನೇ ಶತಮಾನದ ಆರಂಭದ ಹೊತ್ತಿಗೆ ಈ ಮನೆಯವರು ಅದೇ ನದಿಯಲ್ಲಿ ಇನ್ನಷ್ಟು ಕೆಳಕ್ಕೆ, ನಸ್ಸೌ ಊರಿನ ಮೇಲಿನ ಗುಡ್ಡದಲ್ಲಿ ಹೊಸ ಕೋಟೆ ಕಟ್ಟಿದರು. ಆದರೆ ಆ ನೆಲ ತನ್ನದೆಂದು ವೋರ್ಮ್ಸ್ ಬಿಷಪ್ ಪೀಠ ತಕರಾರು ತೆಗೆಯಿತು. ವ್ಯಾಜ್ಯ ದಶಕಗಳ ಕಾಲ ಎಳೆಯಿತು. 1159ರಲ್ಲಿ ರಾಜಿಯಾಗಿ ಕೋಟೆಯ ಒಡೆತನ ಟ್ರಿಯರ್ ಆರ್ಚ್‌ಬಿಷಪ್‌ಗೆ ಹೋಯಿತು, ಅವನಿಂದ ಅದನ್ನು ಜಹಗೀರಾಗಿ ಪಡೆದು ಮನೆತನ ಅಲ್ಲೇ ಉಳಿಯಿತು. ಆಮೇಲೆಯೇ ‘ನಸ್ಸೌ ಕೌಂಟ್’ ಎಂಬ ಬಿರುದು ಗಟ್ಟಿಯಾಯಿತು. ಮನೆಯ ಹೆಸರು ಹೊತ್ತ ಕೋಟೆಗೇ ಮೇಲೊಬ್ಬ ಒಡೆಯನಿದ್ದ ಎಂಬುದನ್ನು ನೆನಪಿನಲ್ಲಿಡಿ. ಇವರ ಬಲಕ್ಕೆ ಎಷ್ಟು ಮಿತಿಯಿತ್ತೆಂದು ಅದರಿಂದಲೇ ಅಂದಾಜಾಗುತ್ತದೆ.

1255ರ ಪಾಲುಪಟ್ಟಿ ಯಾಕೆ ಅಷ್ಟು ಮುಖ್ಯ?

ಆ ವರ್ಷದ ಡಿಸೆಂಬರಿನಲ್ಲಿ ಅಣ್ಣ ತಮ್ಮಂದಿರಾದ ವಾಲ್ರಾಮ್ ಮತ್ತು ಒಟ್ಟೋ ಆಸ್ತಿ ಹಂಚಿಕೊಂಡರು. ಲಾನ್ ನದಿಯೇ ಗಡಿ. ದಕ್ಷಿಣದ ವೀಸ್‌ಬಾಡೆನ್, ಇಡ್‌ಸ್ಟೈನ್ ಮತ್ತು ವೈಲ್‌ಬುರ್ಗ್ ಮೇಲಿನ ಹಕ್ಕುಗಳು ವಾಲ್ರಾಮನಿಗೆ ಬಂದವು. ಉತ್ತರದ ಸೀಗನ್, ಡಿಲ್ಲೆನ್‌ಬುರ್ಗ್, ಹೆರ್ಬೋರ್ನ್ ಒಟ್ಟೋವಿಗೆ ಹೋದವು. ನಸ್ಸೌ ಕೋಟೆ ಇಬ್ಬರ ಕೂಡುಸ್ವತ್ತಾಗಿ ಉಳಿಯಿತು.

ಈ ಪಾಲು ಮತ್ತೆ ಒಂದಾಗಲೇ ಇಲ್ಲ. ಹೀಗಾಗಿ ಅಡಾಲ್ಫ್ ಸಿಂಹಾಸನಕ್ಕೆ ಬಂದಾಗ ಅವನ ಬೆನ್ನಿಗಿದ್ದದ್ದು ಇಡೀ ನಸ್ಸೌ ಅಲ್ಲ, ಅದರ ದಕ್ಷಿಣದ ಅರ್ಧ ಮಾತ್ರ. ವಂಶಾವಳಿ ಓದುವಾಗ ಯಾವ ವ್ಯಕ್ತಿ ಸಿಕ್ಕರೂ ಮೊದಲು ವಾಲ್ರಾಮ್ ಕವಲೋ ಒಟ್ಟೋ ಕವಲೋ ನೋಡಿಕೊಳ್ಳಿ. ಇದೊಂದನ್ನು ಬಿಟ್ಟರೆ ಮುಂದಿನ ಆರು ನೂರು ವರ್ಷದ ಕಥೆ ಸಿಕ್ಕಾಗುತ್ತದೆ.

ರಾಜನಾಗುವ ಮೊದಲು ಅವನು ಏನು ಮಾಡುತ್ತಿದ್ದ?

ಆ ಕಾಲದ ಮಧ್ಯಮ ದರ್ಜೆಯ ಕೌಂಟ್ ಮಾಡುವ ಕೆಲಸವನ್ನೇ. ನೆರೆಯ ಎಪ್ಸ್ಟೈನ್ ಒಡೆಯರ ಜೊತೆ ವೀಸ್‌ಬಾಡೆನ್ ಸುತ್ತಿನ ನೆಲಕ್ಕಾಗಿ ಕಾದಾಡಿದ. ರುಡಾಲ್ಫ್ ರಾಜನ ಸೇವೆಯಲ್ಲಿದ್ದು ವೆಟ್ಸ್ಲರ್ ಬಳಿಯ ಕಾಲ್ಸ್‌ಮುಂಟ್ ಕೋಟೆಯ ಕಾವಲು ಹೊಣೆ ಪಡೆದ. 1287ರಲ್ಲಿ ಇಡ್‌ಸ್ಟೈನ್‌ಗೆ ಪಟ್ಟಣದ ಹಕ್ಕು ಸಿಕ್ಕಿತು. 1288ರ ಜೂನ್ 5ರಂದು ವೋರಿಂಗನ್ ಕದನದಲ್ಲಿ ಕೊಲೋನ್ ಆರ್ಚ್‌ಬಿಷಪ್ ಜೀಗ್‌ಫ್ರೀಡ್ ಪರವಾಗಿ ಹೋರಾಡಿ ಸೆರೆ ಸಿಕ್ಕ. ಆ ದಿನ ಬ್ರಾಬಾಂಟ್ ಡ್ಯೂಕ್ ಮತ್ತು ಕೊಲೋನ್ ನಗರವಾಸಿಗಳು ಸೇರಿ ಆರ್ಚ್‌ಬಿಷಪ್‌ನನ್ನು ಸೋಲಿಸಿದ್ದರು, ಅವನೂ ಸೆರೆಯಾದ. ನಾಲ್ಕು ವರ್ಷದ ನಂತರ ಅಡಾಲ್ಫನ ಹೆಸರು ಮುಂದಿಟ್ಟವನು ಇದೇ ಜೀಗ್‌ಫ್ರೀಡ್. ವೋರಿಂಗನ್‌ನಲ್ಲಿ ಕಳೆದುಕೊಂಡದ್ದನ್ನು ಹೊಸ ರಾಜನ ಮೂಲಕ ವಾಪಸು ಪಡೆಯಬೇಕೆಂಬುದು ಅವನ ಲೆಕ್ಕ. 1292ರ ಆಯ್ಕೆ ಅರ್ಥವಾಗಬೇಕಾದರೆ ವೋರಿಂಗನ್‌ನಿಂದಲೇ ಓದು ಶುರು ಮಾಡಬೇಕು.

ಹ್ಯಾಬ್ಸ್‌ಬರ್ಗ್ ಆಲ್ಬ್ರೆಕ್ಟ್ ಇದ್ದಾಗ ಇಷ್ಟು ಸಣ್ಣ ಕೌಂಟ್‌ನನ್ನು ಯಾಕೆ ಆರಿಸಿದರು?

ಆಲ್ಬ್ರೆಕ್ಟ್ ತೀರಾ ಬಲಶಾಲಿಯಾಗಿದ್ದ. ರುಡಾಲ್ಫ್ 1291ರ ಜುಲೈ 15ರಂದು ಸ್ಪೈಯರ್‌ನಲ್ಲಿ ತೀರಿಕೊಂಡಾಗ ಮಗನ ಕೈಯಲ್ಲಿ ಆಸ್ಟ್ರಿಯಾ ಮತ್ತು ಸ್ಟಿರಿಯಾ ಇದ್ದವು. ತಂದೆಯ ನಂತರ ಮಗ ಎಂಬ ರೂಢಿ ಬಿದ್ದುಬಿಟ್ಟರೆ ಆರಿಸುವವರ ಮತಕ್ಕೆ ಬೆಲೆಯೇ ಉಳಿಯದು. ಇದರ ಜೊತೆಗೆ ಒಬ್ಬೊಬ್ಬರಿಗೂ ಸ್ವಂತದ ಕಾರಣಗಳಿದ್ದವು. ಬೊಹೀಮಿಯಾದ ರಾಜ ಎರಡನೇ ವೆನ್ಸೆಸ್ಲಾಸ್‌ಗೆ ಆಸ್ಟ್ರಿಯಾದ ಮೇಲೆ ಹಳೆಯ ಹಕ್ಕಿನ ಆಸೆ, ಏಕೆಂದರೆ ಅವನ ತಂದೆ ಒಟ್ಟೋಕರನಿಂದ ರುಡಾಲ್ಫ್ ಕಿತ್ತುಕೊಂಡ ನಾಡು ಅದು. ಸ್ಯಾಕ್ಸನಿ ಮತ್ತು ಬ್ರಾಂಡೆನ್‌ಬುರ್ಗ್ ಪ್ರಭುಗಳನ್ನು ಅವನು ತನ್ನ ಕಡೆಗೆ ಕಟ್ಟಿಹಾಕಿದ. ಮೈಂಟ್ಸ್ ಆರ್ಚ್‌ಬಿಷಪ್ ಗೆರ್‌ಹಾರ್ಡ್ ಅಡಾಲ್ಫನ ಬಂಧು. ಆರಂಭದಲ್ಲಿ ಆಲ್ಬ್ರೆಕ್ಟನ ಪರವಿದ್ದ ರೈನ್ ಪಾಲಟೈನ್ ಕೌಂಟ್ ಲುಡ್‌ವಿಗ್ ಕೊನೆಗೆ ಒಬ್ಬಂಟಿಯಾಗಿ ಮಣಿದ.

ಚುನಾವಣೆ ನಡೆಯುತ್ತಿದ್ದದ್ದು ಹೇಗೆ?

ಮತ ಏಳು ಜನರದ್ದು: ಮೈಂಟ್ಸ್, ಕೊಲೋನ್, ಟ್ರಿಯರ್‌ಗಳ ಮೂವರು ಆರ್ಚ್‌ಬಿಷಪ್‌ಗಳು, ಬೊಹೀಮಿಯಾ ರಾಜ, ರೈನ್ ಪಾಲಟೈನ್ ಕೌಂಟ್, ಸ್ಯಾಕ್ಸನಿ ಡ್ಯೂಕ್, ಬ್ರಾಂಡೆನ್‌ಬುರ್ಗ್ ಮಾರ್ಗ್ರೇವ್. ಇವರನ್ನೇ ಮತದಾರ ಪ್ರಭುಗಳೆನ್ನುವುದು.

ಕ್ರಮ ಹೀಗೆ. ರಾಜ ಸತ್ತ ಮೇಲೆ ಮೈಂಟ್ಸ್ ಆರ್ಚ್‌ಬಿಷಪ್ ಫ್ರಾಂಕ್‌ಫರ್ಟ್‌ಗೆ ಎಲ್ಲರನ್ನೂ ಕರೆಯುತ್ತಿದ್ದ. ಸಭೆಗೆ ಮೊದಲೇ, ಕೆಲವೊಮ್ಮೆ ತಿಂಗಳುಗಟ್ಟಲೆ, ಒಳಗೊಳಗೇ ಕರಾರುಗಳಾಗುತ್ತಿದ್ದವು, ನಿಜವಾದ ಚುನಾವಣೆ ಅದೇ. ಫ್ರಾಂಕ್‌ಫರ್ಟ್‌ನಲ್ಲಿ ಹೆಸರು ಘೋಷಣೆ. 1292ರಲ್ಲಿ ಗೆರ್‌ಹಾರ್ಡ್ ಎಲ್ಲರ ಪರವಾಗಿ ಅಡಾಲ್ಫನ ಹೆಸರು ಹೇಳಿದ. ನಂತರ ಆಹೆನ್‌ನಲ್ಲಿ ಕೊಲೋನ್ ಆರ್ಚ್‌ಬಿಷಪ್ ಕೈಯಿಂದ ಪಟ್ಟಾಭಿಷೇಕ. ಕಿರೀಟ, ಪವಿತ್ರ ಭಲ್ಲೆ ಮುಂತಾದ ರಾಜಲಾಂಛನಗಳು ಕೈಯಲ್ಲಿದ್ದರೆ ಹಕ್ಕಿಗೆ ಬಲ ಹೆಚ್ಚು. ಅವು ಆಗ ಇದ್ದದ್ದು ಆಲ್ಬ್ರೆಕ್ಟನ ಬಳಿ. 1292 ಮುಗಿಯುವುದರೊಳಗೆ ಅವನು ಅವನ್ನು ಒಪ್ಪಿಸಿ, ಆಸ್ಟ್ರಿಯಾ ಮತ್ತು ಸ್ಟಿರಿಯಾಗಳನ್ನು ಅಡಾಲ್ಫನಿಂದಲೇ ಜಹಗೀರಾಗಿ ಪಡೆದ.

ಬಹುಮತ ಸಾಕೇ, ಒಮ್ಮತ ಬೇಕೇ? ಬರೆದಿಟ್ಟ ಕಾನೂನು ಆಗ ಇರಲಿಲ್ಲ. ಬಹುಮತದ ನಿಯಮ ಸ್ಪಷ್ಟವಾಗಿ ದಾಖಲಾದದ್ದು 1356ರ ಚಿನ್ನದ ಮುದ್ರೆಯ ಶಾಸನದಲ್ಲಿ. ಅದನ್ನು 1292ಕ್ಕೆ ಹಿಂದಕ್ಕೆ ಎಳೆದು ಓದಿದರೆ ಲೆಕ್ಕ ತಪ್ಪುತ್ತದೆ.

ಆಂಡರ್ನಾಖ್ ಕರಾರಿನಲ್ಲಿ ಏನಿತ್ತು?

1292ರ ಏಪ್ರಿಲ್ 27ರಂದು, ಅಂದರೆ ಆಯ್ಕೆಗೆ ಎಂಟು ದಿನ ಮೊದಲು, ಅಡಾಲ್ಫ್ ಕೊಲೋನ್ ಆರ್ಚ್‌ಬಿಷಪ್‌ಗೆ ಬರೆದುಕೊಟ್ಟ ಮುಚ್ಚಳಿಕೆ ಅದು. 25,000 ಮಾರ್ಕ್ ಬೆಳ್ಳಿ ಕೊಡಬೇಕು. ಡಾರ್ಟ್‌ಮುಂಡ್, ಡ್ಯೂಸ್‌ಬುರ್ಗ್‌ನಂಥ ಸಾಮ್ರಾಜ್ಯ ನಗರಗಳು (ಬೇರೆ ಪ್ರಭುವಿಗೆ ಸೇರದೆ ನೇರವಾಗಿ ರಾಜನ ಅಧೀನದಲ್ಲಿದ್ದವು), ರೈನ್ ಮತ್ತು ಮೋಸೆಲ್ ಆಸುಪಾಸಿನ ಹಲವು ಕೋಟೆಗಳು, ಎಸ್ಸೆನ್ ಮಠದ ರಕ್ಷಣಾಧಿಕಾರ, ಇಷ್ಟೂ ಕೊಲೋನ್ ಪೀಠದ ಕೈಗೆ ಹೋಗಬೇಕು. ಭದ್ರತೆಯಾಗಿ ತನ್ನ ಮನೆತನದ ಕೋಟೆಗಳನ್ನೂ ಒತ್ತೆ ಇಡಬೇಕು. ಭದ್ರತೆ ಪೂರ್ತಿ ಒದಗಿಸುವ ತನಕ ಪಟ್ಟಾಭಿಷೇಕ ಕೇಳುವಂತಿಲ್ಲ. ಎಲ್ಲಕ್ಕಿಂತ ಕಠಿಣವಾದ ಷರತ್ತು ಕೊನೆಯದು: ಮಾತು ತಪ್ಪಿದರೆ ರಾಜಪದವಿಯ ಹಕ್ಕು ಕಳೆದುಕೊಳ್ಳುತ್ತಾನೆ, ಪ್ರಭುಗಳು ಬೇರೊಬ್ಬನನ್ನು ಆರಿಸಬಹುದು.

ಆರು ವರ್ಷದ ನಂತರದ ಪದಚ್ಯುತಿಯ ಬೀಜ ಈ ಸಾಲಿನಲ್ಲಿದೆ. ‘ಕೊಟ್ಟ ಅಧಿಕಾರವನ್ನು ಹಿಂಪಡೆಯಬಹುದು’ ಎಂಬ ವಿಚಾರ ಇಲ್ಲಿ ಕಾಗದಕ್ಕೆ ಇಳಿಯಿತು.

25,000 ಮಾರ್ಕ್ ಎಂದರೆ ಎಷ್ಟು?

ಮಾರ್ಕ್ ಆಗ ನಾಣ್ಯವಲ್ಲ, ತೂಕ. ಕೊಲೋನ್ ಮಾರ್ಕಿನ ತೂಕ ಸುಮಾರು 234 ಗ್ರಾಂ. ಆ ಲೆಕ್ಕದಲ್ಲಿ 25,000 ಮಾರ್ಕ್ ಅಂದರೆ ಸರಿಸುಮಾರು 5,850 ಕಿಲೋ ಬೆಳ್ಳಿ. ಇದನ್ನು ಇಂದಿನ ಬೆಳ್ಳಿ ದರಕ್ಕೆ ಗುಣಿಸಿ ರೂಪಾಯಿ ಮಾಡಬೇಡಿ. ಆಗ ಬೆಳ್ಳಿಗೆ ಇದ್ದ ಕೊಳ್ಳುವ ಶಕ್ತಿಯೇ ಬೇರೆ. ಊರಿಂದೂರಿಗೆ ಮಾರ್ಕಿನ ತೂಕವೂ ಬದಲಾಗುತ್ತಿತ್ತು, ಬೆಳ್ಳಿಯ ಶುದ್ಧತೆಯೂ ಬದಲಾಗುತ್ತಿತ್ತು. ನೋಡಬೇಕಾದದ್ದು ಅನುಪಾತ: ನಸ್ಸೌದ ಅರ್ಧ ಸೀಮೆಯಿಂದ ಅಷ್ಟು ಹಣ ಎತ್ತುವುದು ಅಸಾಧ್ಯವಾಗಿತ್ತು. ಮಾತು ಕೊಟ್ಟವನಿಗೂ ಪಡೆದವನಿಗೂ ಅದು ಗೊತ್ತಿತ್ತು.

ಬೇರೆಯವರಿಗೆ ಏನು ಮಾತು ಕೊಟ್ಟಿದ್ದ?

ಮೈಂಟ್ಸ್‌ನ ಗೆರ್‌ಹಾರ್ಡನಿಗೆ ಹಣ ಮತ್ತು ಥುರಿಂಜಿಯಾ ಕಡೆಯ ಮ್ಯೂಲ್‌ಹೌಸನ್, ನಾರ್ಡ್‌ಹೌಸನ್ ಎಂಬ ಎರಡು ಸಾಮ್ರಾಜ್ಯ ನಗರಗಳ ಮೇಲೆ ಅಧಿಕಾರ. ವೆನ್ಸೆಸ್ಲಾಸ್‌ಗೆ ಮದುವೆ ಸಂಬಂಧ: ತನ್ನ ಮಗ ರೂಪ್ರೆಕ್ಟ್‌ಗೆ ಬೊಹೀಮಿಯಾದ ರಾಜಕುಮಾರಿ ಆಗ್ನೆಸ್. ಜೊತೆಗೆ ಪ್ಲೈಸೆನ್‌ಲಾಂಡ್ ಸೀಮೆಯ ಅಡಮಾನ, ಆಸ್ಟ್ರಿಯಾದ ವಿಷಯದಲ್ಲಿ ನೆರವಿನ ಭರವಸೆ. ಆಗ್ನೆಸ್ 1296ರಲ್ಲಿ ತೀರಿಕೊಂಡಳು, ಬೀಗತನದ ಆ ಎಳೆಯೂ ಕಡಿಯಿತು.

ಇಷ್ಟೆಲ್ಲ ಮಾತು ಕೊಟ್ಟು ಉಳಿಸಿಕೊಂಡನೇ?

ಹೆಚ್ಚಿನದನ್ನು ಇಲ್ಲ. ಪಟ್ಟಕ್ಕೆ ಬಂದು ಕೆಲವೇ ತಿಂಗಳಲ್ಲಿ ಕೊಲೋನ್ ಪೀಠದ ಬದ್ಧವೈರಿ ಬ್ರಾಬಾಂಟ್ ಡ್ಯೂಕನ ಜೊತೆ ಸ್ನೇಹ ಬೆಳೆಸಿ, ಕೆಳ ರೈನ್ ಪ್ರದೇಶದ ಶಾಂತಿಪಾಲನೆಯ ಹೊಣೆಯನ್ನೇ ಅವನಿಗೆ ಒಪ್ಪಿಸಿದ. ಆಲ್ಬ್ರೆಕ್ಟನಿಗೆ ಆಸ್ಟ್ರಿಯಾ ಕೊಟ್ಟಾಗ ವೆನ್ಸೆಸ್ಲಾಸ್‌ನ ಆಸೆಗೂ ತಣ್ಣೀರು ಬಿತ್ತು.

ಆದರೆ ಒಂದು ಮಾತು. ಈ ಭರವಸೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಎಲ್ಲವನ್ನೂ ನಡೆಸಿಕೊಟ್ಟಿದ್ದರೆ ರಾಜನ ಕೈಯಲ್ಲಿ ನಗರವೂ ಉಳಿಯುತ್ತಿರಲಿಲ್ಲ, ಸುಂಕವೂ ಉಳಿಯುತ್ತಿರಲಿಲ್ಲ. ಅವನು ಪ್ರಭುಗಳ ಖಾಸಗಿ ಕಾದಾಟಗಳನ್ನು ತಡೆಯುವ ರುಡಾಲ್ಫನ ಕಾಲದ ನಾಡಶಾಂತಿ ಶಾಸನವನ್ನು ಹತ್ತು ವರ್ಷಕ್ಕೆ ನವೀಕರಿಸಿದ, ಸಣ್ಣ ಪ್ರಭುಗಳನ್ನೂ ನಗರಗಳನ್ನೂ ಜೊತೆಗೆ ಸೇರಿಸಿಕೊಂಡು ನಿಜವಾಗಿ ಆಳಲು ಹೊರಟ. ನಮ್ಮ ಮಟ್ಟಿಗೆ ಅವನ ಆಳ್ವಿಕೆಯಲ್ಲಿ ಗೌರವಕ್ಕೆ ಅರ್ಹವಾದ ಭಾಗ ಇದೇ.

ಅವನನ್ನು ಚಕ್ರವರ್ತಿ ಎನ್ನಬಹುದೇ?

ಇಲ್ಲ. ಅವನ ಬಿರುದು ‘ರೋಮನರ ರಾಜ’. ಚಕ್ರವರ್ತಿಯಾಗಲು ರೋಮ್‌ಗೆ ಹೋಗಿ ಪೋಪ್ ಪರವಾಗಿ ನಡೆಯುವ ಕಿರೀಟಧಾರಣೆ ಆಗಬೇಕಿತ್ತು. ರುಡಾಲ್ಫ್, ಅಡಾಲ್ಫ್, ಆಲ್ಬ್ರೆಕ್ಟ್ ಮೂವರಿಗೂ ಅದು ಕೂಡಿಬರಲಿಲ್ಲ. 1312ರಲ್ಲಿ ಲಕ್ಸೆಂಬರ್ಗ್ ಮನೆಯ ಏಳನೇ ಹೆನ್ರಿಗೆ ಆಯಿತು. ಅಂತರ್ಜಾಲದ ಪಟ್ಟಿಗಳಲ್ಲಿ ‘ಚಕ್ರವರ್ತಿ ಅಡಾಲ್ಫ್’ ಎಂದಿದ್ದರೆ ತಿದ್ದಿ ಓದಿ.

ಇಂಗ್ಲೆಂಡಿನಿಂದ ಹಣ ತಿಂದ ಎನ್ನುತ್ತಾರಲ್ಲ?

1294ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಜೊತೆ ಒಪ್ಪಂದವಾಯಿತು. ಫ್ರಾನ್ಸಿನ ನಾಲ್ಕನೇ ಫಿಲಿಪ್ ವಿರುದ್ಧ ಅಡಾಲ್ಫ್ ಯುದ್ಧಕ್ಕೆ ಇಳಿಯಬೇಕು, ಎಡ್ವರ್ಡ್ ಹತ್ತಾರು ಸಾವಿರ ಪೌಂಡ್ ಕೊಡಬೇಕು. ಹಣದ ಒಂದು ಭಾಗ ಬಂತು, ಯುದ್ಧ ನಡೆಯಲಿಲ್ಲ. ಫ್ರಾನ್ಸ್ ಕಡೆಯಿಂದಲೂ ಹಣ ಬಂತೆಂಬ ಆರೋಪ ಬೇರೆ ಇದೆ. ಅದಕ್ಕೆ ಆಧಾರ ಫ್ರೆಂಚ್ ಆಸ್ಥಾನದ ಪರ ವ್ಯವಹರಿಸುತ್ತಿದ್ದ ಫ್ಲಾರೆನ್ಸಿನ ಸಾಹುಕಾರ ಮುಷಾತ್ತೋ ಫ್ರಾಂಚೇಸಿಯ ಲೆಕ್ಕಪತ್ರ.

ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು. ಮಿತ್ರರಿಗೆ ಹಣ ಕೊಟ್ಟು ಯುದ್ಧಕ್ಕೆ ಕಟ್ಟಿಹಾಕುವುದು ಆಗ ಎಲ್ಲ ರಾಜರೂ ಮಾಡುತ್ತಿದ್ದ ಕೆಲಸ, ಕೆಳ ರೈನ್‌ನ ಅನೇಕ ಪ್ರಭುಗಳೂ ಎಡ್ವರ್ಡನಿಂದ ಪಡೆದಿದ್ದರು. ತಕರಾರು ಎದ್ದದ್ದು ಸ್ಥಾನದ ಬಗ್ಗೆ. ಲೋಕದ ಮೊದಲ ದೊರೆ ಎನ್ನಿಸಿಕೊಳ್ಳಬೇಕಾದವನು ಸಾಮಾನ್ಯ ಸವಾರನ ಹಾಗೆ ಕೂಲಿಗೆ ನಿಂತನಲ್ಲ ಎಂದು ಪೋಪ್ ಎಂಟನೇ ಬೋನಿಫಾಸ್ ಛೀಮಾರಿ ಹಾಕಿದ. ಅವನಿಗೆ ಯುದ್ಧ ತಡೆಯುವುದೂ ಬೇಕಿತ್ತು ಎಂಬುದನ್ನು ಮರೆಯಬಾರದು. ಅಂತೂ ಆ ಮಾತು ಅಡಾಲ್ಫನ ಹೆಸರಿಗೆ ಶಾಶ್ವತವಾಗಿ ಅಂಟಿತು.

ಥುರಿಂಜಿಯಾ ಕೊಂಡದ್ದು ಯಾಕೆ? ಅಲ್ಲಿ ಎಡವಿದ್ದೆಲ್ಲಿ?

ಇದೇ ಇಡೀ ಆಳ್ವಿಕೆಯ ತಿರುವು. ಸ್ವಂತ ನೆಲ ಸಾಲದ ರಾಜ ನೆಲ ಸಂಪಾದಿಸಲೇಬೇಕು. ರುಡಾಲ್ಫ್ ಆಸ್ಟ್ರಿಯಾ ಪಡೆದದ್ದೂ ಹಾಗೆಯೇ, ರಾಜನ ಅಧಿಕಾರ ಬಳಸಿ ಮನೆತನದ ಬಲ ಬೆಳೆಸಿಕೊಂಡು. ಅಡಾಲ್ಫ್ ಕಣ್ಣಿಟ್ಟದ್ದು ವೆಟ್ಟಿನ್ ಮನೆತನದ ಎರಡು ನಾಡುಗಳ ಮೇಲೆ.

ಒಂದು ಮೈಸ್ಸೆನ್. ಅದನ್ನಾಳುತ್ತಿದ್ದ ಫ್ರೀಡ್‌ರಿಖ್ ಟೂಟಾ 1291ರಲ್ಲಿ ಗಂಡುಸಂತಾನವಿಲ್ಲದೆ ಸತ್ತಿದ್ದ. ವಾರಸುದಾರನಿಲ್ಲದ ಜಹಗೀರು ಸಾಮ್ರಾಜ್ಯಕ್ಕೆ ಮರಳುತ್ತದೆ ಎಂದು ಅಡಾಲ್ಫ್ ವಾದಿಸಿದ. ಇನ್ನೊಂದು ಥುರಿಂಜಿಯಾ. ಅದರ ಒಡೆಯ ಆಲ್ಬ್ರೆಕ್ಟ್‌ಗೆ (ಹ್ಯಾಬ್ಸ್‌ಬರ್ಗ್‌ನವನಲ್ಲ, ಬೇರೊಬ್ಬ) ಮಕ್ಕಳಾದ ಫ್ರೀಡ್‌ರಿಖ್ ಮತ್ತು ಡೀಟ್ಸ್‌ಮಾನ್ ಜೊತೆ ಬದ್ಧದ್ವೇಷ, ಕೈಯಲ್ಲಿ ಕಾಸಿಲ್ಲ. ಹತ್ತು ಸಾವಿರ ಮಾರ್ಕಿಗೂ ಮೀರಿದ ಬೆಳ್ಳಿಗೆ ಅವನು ನಾಡನ್ನೇ ಮಾರಿದ. ಇಂಗ್ಲೆಂಡಿನ ಹಣ ಇಲ್ಲಿಗೆ ಹರಿಯಿತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಮಕ್ಕಳು ಬಿಟ್ಟುಕೊಡಲಿಲ್ಲ. 1294 ಮತ್ತು 1295ರಲ್ಲಿ ಅಡಾಲ್ಫ್ ದಂಡೆತ್ತಿ ಹೋದ, 1296ರಲ್ಲಿ ಬೆಳ್ಳಿ ಗಣಿಗಳ ಊರಾದ ಫ್ರೈಬರ್ಗ್ ವಶವಾಯಿತು.

ಸೈನ್ಯದ ಲೆಕ್ಕದಲ್ಲಿ ಗೆಲುವೇ. ಕೆಟ್ಟದ್ದು ನಕ್ಷೆಯಲ್ಲಿ. ಥುರಿಂಜಿಯಾದ ಒಂದಷ್ಟು ಭಾಗ ಮೈಂಟ್ಸ್ ಪೀಠದ ಜಹಗೀರು, ಗೆರ್‌ಹಾರ್ಡ್‌ಗೆ ಅಲ್ಲಿ ಎರ್‌ಫರ್ಟ್ ಸುತ್ತ ದೊಡ್ಡ ಹಿತಾಸಕ್ತಿಯಿತ್ತು. ಮೈಸ್ಸೆನ್ ಇರುವುದು ಬೊಹೀಮಿಯಾದ ಉತ್ತರದ ಗಡಿಯಲ್ಲಿ, ವೆನ್ಸೆಸ್ಲಾಸ್‌ಗೂ ಅದರ ಮೇಲೆ ಕಣ್ಣು. ಹೀಗೆ ಒಂದೇ ಹೆಜ್ಜೆಯಲ್ಲಿ, ತನ್ನನ್ನು ಪಟ್ಟಕ್ಕೆ ಏರಿಸಿದ ಇಬ್ಬರು ಮುಖ್ಯ ಪ್ರಭುಗಳ ಹಿತ್ತಿಲಿಗೆ ರಾಜ ಕಾಲಿಟ್ಟ. ಸೇನೆ ನಡೆಸಿದ ಲೂಟಿ, ಇಗರ್ಜಿಗಳ ಅಪವಿತ್ರತೆಯ ಸುದ್ದಿಗಳು ವಿರೋಧಿಗಳಿಗೆ ಬೇಕಾದ ಸರಕನ್ನೂ ಒದಗಿಸಿದವು.

ಪದಚ್ಯುತಿ ಕಾನೂನುಬದ್ಧವೇ?

1297ರ ಜೂನ್ 2ರಂದು ಪ್ರಾಗ್‌ನಲ್ಲಿ ವೆನ್ಸೆಸ್ಲಾಸ್‌ನ ಪಟ್ಟಾಭಿಷೇಕಕ್ಕೆ ಪ್ರಭುಗಳು ನೆರೆದಾಗ ಸಂಚು ರೂಪುಗೊಂಡಿತು. 1298ರ ಫೆಬ್ರವರಿಯಲ್ಲಿ ವಿಯೆನ್ನಾದಲ್ಲಿ ಮಾತು ಮುಂದುವರಿಯಿತು. ಜೂನ್ 23ರಂದು ಮೈಂಟ್ಸ್‌ನಲ್ಲಿ ಗೆರ್‌ಹಾರ್ಡ್ ಮುಂದೆ ನಿಂತು ವಿಚಾರಣೆ ನಡೆಸಿದ. ಸ್ಯಾಕ್ಸನಿ, ಬ್ರಾಂಡೆನ್‌ಬುರ್ಗ್ ಪ್ರಭುಗಳು ಸೇರಿದರು, ಬೊಹೀಮಿಯಾ ಮತ್ತು ಕೊಲೋನ್ ಕಡೆಯಿಂದ ಗೆರ್‌ಹಾರ್ಡ್‌ಗೆ ಅಧಿಕಾರ ಪತ್ರವಿತ್ತು. ಜೀಗ್‌ಫ್ರೀಡ್ 1297ರಲ್ಲೇ ತೀರಿಕೊಂಡಿದ್ದ. ಟ್ರಿಯರ್ ಆರ್ಚ್‌ಬಿಷಪ್ ಮತ್ತು ಹೊಸ ಪಾಲಟೈನ್ ಕೌಂಟ್ ರುಡಾಲ್ಫ್ ಈ ಕೆಲಸದಲ್ಲಿ ಭಾಗಿಯಾಗಲಿಲ್ಲ. ಈ ರುಡಾಲ್ಫ್ ಅಡಾಲ್ಫನ ಮಗಳು ಮೆಖ್ತಿಲ್ಡ್‌ಳನ್ನು 1294ರಲ್ಲಿ ಮದುವೆಯಾಗಿದ್ದ.

ಆರೋಪಗಳು: ಪ್ರಮಾಣ ಮುರಿದದ್ದು, ನಾಡಶಾಂತಿ ಕೆಡಿಸಿದ್ದು, ಇಗರ್ಜಿಗಳ ಮೇಲಿನ ಹಲ್ಲೆ. ಹಿಂದೆಯೂ ರಾಜರನ್ನು ಇಳಿಸಿದ್ದುಂಟು, ಆದರೆ ಆಗೆಲ್ಲ ಪೋಪ್‌ನ ಬಹಿಷ್ಕಾರ ಮುಂದೆ ಬರುತ್ತಿತ್ತು. ಈ ಸಲ ಹಾಗಿರಲಿಲ್ಲ. ಪ್ರಭುಗಳು ತಾವೇ ಆರಿಸಿದವನನ್ನು ತಾವೇ ಇಳಿಸಿದರು, ಅದಕ್ಕೆ ಹಿಂದಿನ ನಿದರ್ಶನವೂ ಇರಲಿಲ್ಲ, ಕಾನೂನೂ ಇರಲಿಲ್ಲ. ಆಲ್ಬ್ರೆಕ್ಟನನ್ನು ಅವನ ಜಾಗದಲ್ಲಿ ಆರಿಸಿದರು. ಆಮೇಲೆ ಏನಾಯಿತೆಂದು ನೋಡಿದರೆ ಅವರ ಮನಸ್ಸಿನ ಅಳುಕು ತಿಳಿಯುತ್ತದೆ: ಅಡಾಲ್ಫ್ ಸತ್ತ ಮೇಲೆ, ಜುಲೈ 27ರಂದು, ಫ್ರಾಂಕ್‌ಫರ್ಟ್‌ನಲ್ಲಿ ಆಲ್ಬ್ರೆಕ್ಟನನ್ನು ಮತ್ತೊಮ್ಮೆ ಆರಿಸಿ, ಆಗಸ್ಟ್ 24ರಂದು ಆಹೆನ್‌ನಲ್ಲಿ ಕಿರೀಟ ತೊಡಿಸಿದರು. ಮೊದಲ ಆಯ್ಕೆ ಗಟ್ಟಿಯಾಗಿದ್ದರೆ ಎರಡನೆಯದು ಬೇಕಿರಲಿಲ್ಲ.

ಗೋಲ್‌ಹೈಮ್‌ನಲ್ಲಿ ಏನು ನಡೆಯಿತು?

1298ರ ಜುಲೈ 2, ಬುಧವಾರ. ಜಾಗ ವೋರ್ಮ್ಸ್‌ಗೆ ಪಶ್ಚಿಮದಲ್ಲಿ, ಡೊನ್ನರ್ಸ್‌ಬರ್ಗ್ ಬೆಟ್ಟದ ಹತ್ತಿರ. ಆಲ್ಬ್ರೆಕ್ಟ್ ಹಾಸೆನ್‌ಬ್ಯೂಲ್ ಎಂಬ ದಿಬ್ಬದ ಮೇಲೆ ಮೊದಲೇ ಜಾಗ ಹಿಡಿದ. ಅಡಾಲ್ಫ್ ಕೆಳಗಿನಿಂದ ಏರಿ ಹೋಗಬೇಕಾಯಿತು. ಎರಡೂ ಕಡೆ ಮುಖ್ಯ ಬಲ ಕವಚಧಾರಿ ಸವಾರರದ್ದು, ಕಾದಾಟ ಮೂರು ಸುತ್ತು ನಡೆಯಿತು. ಭಾರದ ಕವಚ ಹೊತ್ತ ಕುದುರೆ ಏರು ನೆಲದಲ್ಲಿ ಬೇಗ ದಣಿಯುತ್ತದೆ, ಕುದುರೆ ಬಿದ್ದರೆ ಸವಾರ ಅಸಹಾಯಕ. ಅಡಾಲ್ಫನಿಗೆ ಆದದ್ದೂ ಅದೇ. ಬಿದ್ದಾಗ ತಲೆಗೆ ಪೆಟ್ಟಾಗಿ ಶಿರಸ್ತ್ರಾಣ ಹೋಯಿತು. ಬರಿತಲೆಯಲ್ಲೇ ಮತ್ತೆ ಹೋರಾಟಕ್ಕೆ ಇಳಿದು ಕೊಲ್ಲಲ್ಪಟ್ಟ. ಆಲ್ಬ್ರೆಕ್ಟನೇ ಸ್ವತಃ ಕೊಂದ ಎನ್ನುವ ದ್ವಂದ್ವಯುದ್ಧದ ಚಿತ್ರಣವನ್ನು ಕಾವ್ಯವೆಂದು ಓದಿ, ಇತಿಹಾಸವೆಂದಲ್ಲ. ಪಾಲಟೈನ್‌ನ ರುಡಾಲ್ಫ್ ಮತ್ತು ಕೆಳ ಬವೇರಿಯಾದ ಒಟ್ಟೋ ಕೊನೆಯ ತನಕ ಅಡಾಲ್ಫನ ಪಕ್ಷದಲ್ಲೇ ಇದ್ದರು.

ಸಮಾಧಿ ಎಲ್ಲಿದೆ?

ಗೆದ್ದ ಆಲ್ಬ್ರೆಕ್ಟ್ ಸ್ಪೈಯರ್ ಕೆಥೆಡ್ರಲ್‌ನಲ್ಲಿ ಹೂಳಲು ಒಪ್ಪಲಿಲ್ಲ. ಹತ್ತಿರದ ರೋಸೆಂತಾಲ್ ಸನ್ಯಾಸಿನಿಯರ ಮಠದಲ್ಲಿ ದೇಹ ಇಟ್ಟರು. 1308ರ ಮೇ 1ರಂದು ಆಲ್ಬ್ರೆಕ್ಟನ ಕೊಲೆಯಾಯಿತು. 1309ರಲ್ಲಿ ಏಳನೇ ಹೆನ್ರಿ ಇಬ್ಬರ ದೇಹಗಳನ್ನೂ ಸ್ಪೈಯರ್‌ಗೆ ತರಿಸಿ ಅಕ್ಕಪಕ್ಕ ಹೂಳಿಸಿದ. 1689ರಲ್ಲಿ ಫ್ರೆಂಚ್ ಸೈನಿಕರು ಅಲ್ಲಿನ ಗೋರಿಗಳನ್ನು ಲೂಟಿ ಮಾಡಿದರು. ಕೆಥೆಡ್ರಲ್‌ನಲ್ಲಿ ಈಗ ಕಾಣುವ ಮಂಡಿಯೂರಿದ ಅಡಾಲ್ಫನ ಸ್ಮಾರಕ ಮಧ್ಯಯುಗದ್ದಲ್ಲ. ಅದು ನಸ್ಸೌ ಡ್ಯೂಕ್ ಮಾಡಿಸಿದ 19ನೇ ಶತಮಾನದ ಕೆಲಸ, ವಿನ್ಯಾಸ ಲಿಯೋ ಫಾನ್ ಕ್ಲೆಂಟ್ಸೆಯದು, ಶಿಲ್ಪಿ ಲಾಂಡೋಲಿನ್ ಓಮಾಖ್ಟ್.

ಹೆಂಡತಿ ಮಕ್ಕಳು?

ಹೆಂಡತಿ ಇಸೆನ್‌ಬುರ್ಗ್-ಲಿಂಬುರ್ಗ್ ಮನೆಯ ಇಮಾಗಿನಾ. ಗಂಡ ಬಿದ್ದ ಜಾಗದಲ್ಲಿ ಶಿಲುಬೆ ನಿಲ್ಲಿಸಿದವಳು ಆಕೆಯೇ ಎಂದು ಪರಂಪರೆ. ವೀಸ್‌ಬಾಡೆನ್ ಹತ್ತಿರ ಗಂಡನ ಜೊತೆ 1298ರಲ್ಲಿ ಸ್ಥಾಪಿಸಿದ ಕ್ಲಾರೆಂತಾಲ್ ಮಠದಲ್ಲಿ ಆಕೆಯ ಸಮಾಧಿಯಾಯಿತು. ಮಗಳು ಆಡೆಲ್‌ಹೈಡ್ ಅಲ್ಲಿನ ಮಠಾಧ್ಯಕ್ಷೆ. ಗಂಡುಮಕ್ಕಳಲ್ಲಿ ವಂಶ ಮುಂದುವರಿಸಿದವನು ಗೆರ್ಲಾಖ್. ಅಡಾಲ್ಫನ ಸೋದರ ಡೀಟರ್‌ನನ್ನು 1300ರಲ್ಲಿ ಪೋಪ್ ಬೋನಿಫಾಸ್ ಟ್ರಿಯರ್ ಆರ್ಚ್‌ಬಿಷಪ್ ಪೀಠಕ್ಕೆ ನೇಮಿಸಿದ. ಆಲ್ಬ್ರೆಕ್ಟನಿಗೆ ಎದುರಾಗಿ ಹಾಕಿದ ದಾಳ ಅದು.

ರಾಜ ಸತ್ತ ಮೇಲೆ ಮನೆತನ ಮುಳುಗಿತೇ?

ಸಿಂಹಾಸನ ಹೋಯಿತು, ಮನೆತನ ಬೆಳೆಯಿತು. ವಾಲ್ರಾಮ್ ಕವಲಿನವರು ಮೈಂಟ್ಸ್ ಪೀಠವನ್ನೇ ನಾಲ್ಕು ಸಲ ಹಿಡಿದರು: ಗೆರ್ಲಾಖ್, ಒಂದನೇ ಅಡಾಲ್ಫ್, ಎರಡನೇ ಯೋಹಾನ್, ಎರಡನೇ ಅಡಾಲ್ಫ್. ಅಡಾಲ್ಫ್ ರಾಜನನ್ನು ಇಳಿಸಿದ ಪೀಠದ ಮೇಲೆ ಅವನ ಮೊಮ್ಮಗ ಗೆರ್ಲಾಖ್ ಕುಳಿತ. ಕೊನೆಯವನಾದ ಎರಡನೇ ಅಡಾಲ್ಫ್ 1462ರಲ್ಲಿ ಮೈಂಟ್ಸ್ ನಗರವನ್ನು ಬಲವಂತವಾಗಿ ವಶಪಡಿಸಿಕೊಂಡಾಗ ಅಲ್ಲಿನ ಮುದ್ರಣಕಾರರು ಚದುರಿದರು, ಅವರೊಂದಿಗೆ ಅಚ್ಚಿನ ವಿದ್ಯೆಯೂ ಯುರೋಪಿನಲ್ಲಿ ಹರಡಿತು. 1465ರಲ್ಲಿ ಗುಟೆನ್‌ಬರ್ಗ್‌ಗೆ ವರ್ಷಕ್ಕಿಷ್ಟು ಧಾನ್ಯ, ದ್ರಾಕ್ಷಾರಸ ಮತ್ತು ಒಂದು ಜೊತೆ ಉಡುಪಿನ ಗೌರವವೇತನ ಕೊಟ್ಟವನೂ ಇವನೇ.

ಒಟ್ಟೋ ಕವಲು 1403ರ ಮದುವೆಯಿಂದ ಬ್ರೆಡಾ ಪಡೆದು ನೆದರ್ಲೆಂಡ್ಸ್‌ನಲ್ಲಿ ಬೇರುಬಿಟ್ಟಿತು. 1544ರಲ್ಲಿ ಆರೆಂಜ್ ಸಂಸ್ಥಾನ ಡಿಲ್ಲೆನ್‌ಬುರ್ಗ್‌ನ ವಿಲಿಯಂಗೆ ಬಂತು. ಸ್ಪೇನ್ ವಿರುದ್ಧದ ಡಚ್ ಬಂಡಾಯದ ನಾಯಕ ಅವನು. ಎರಡು ಕವಲುಗಳೂ ಒಬ್ಬರಿಗೊಬ್ಬರು ವಾರಸುದಾರರೆಂದು 1783ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. 1890ರಲ್ಲಿ ಡಚ್ ರಾಜ ಮೂರನೇ ವಿಲಿಯಂ ಗಂಡುಸಂತಾನವಿಲ್ಲದೆ ಸತ್ತಾಗ ನೆದರ್ಲೆಂಡ್ಸ್ ಮಗಳು ವಿಲ್ಹೆಲ್ಮಿನಾಗೆ ಹೋಯಿತು. ಲಕ್ಸೆಂಬರ್ಗ್ ಮಾತ್ರ ಈ ಹಳೆಯ ಒಪ್ಪಂದದಂತೆ ವಾಲ್ರಾಮ್ ಕವಲಿನ ಅಡಾಲ್ಫ್‌ಗೆ ಸೇರಿತು. 1866ರಲ್ಲಿ ಪ್ರಶ್ಯ ಕಿತ್ತುಕೊಂಡಿದ್ದ ನಸ್ಸೌ ಡಚಿಯ ಕೊನೆಯ ಡ್ಯೂಕ್ ಅವನು.

ಬಹಾಮಾಸ್‌ನ ನಸ್ಸೌಗೂ ಇದಕ್ಕೂ ಸಂಬಂಧವಿದೆಯೇ?

ಇದೆ. ಇಂಗ್ಲೆಂಡಿನ ರಾಜನಾದ ಆರೆಂಜ್-ನಸ್ಸೌ ಮನೆಯ ಮೂರನೇ ವಿಲಿಯಂ ಗೌರವಕ್ಕೆ 1695ರಲ್ಲಿ ಇಟ್ಟ ಹೆಸರು. ಮೇಲೆ ಹೇಳಿದ ಡಚ್ ರಾಜ ಮೂರನೇ ವಿಲಿಯಂ ಬೇರೆ, ಇವನು ಬೇರೆ.

ಹೆಸರುಗಳು ಗೊಂದಲ ಮಾಡುತ್ತವೆ. ಹೇಗೆ ಬಿಡಿಸಿಕೊಳ್ಳಬೇಕು?

ಹೆಸರಿನ ಜೊತೆ ಊರನ್ನು ಬಿಡದೆ ಬರೆದುಕೊಳ್ಳಿ. ಈ ಆರು ವರ್ಷದಲ್ಲೇ ಮೂವರು ಆಲ್ಬ್ರೆಕ್ಟರು ಬರುತ್ತಾರೆ: ಹ್ಯಾಬ್ಸ್‌ಬರ್ಗ್‌ನವನು ಎದುರಾಳಿ, ಥುರಿಂಜಿಯಾದವನು ನಾಡು ಮಾರಿದವನು, ಸ್ಯಾಕ್ಸನಿಯವನು ಮತದಾರ. ರುಡಾಲ್ಫ್ ಇಬ್ಬರು: ಸತ್ತ ರಾಜ ಮತ್ತು ಅಳಿಯ. ಇಂಗ್ಲಿಷ್ ಪುಸ್ತಕಗಳು ಆಲ್ಬರ್ಟ್, ರೂಪರ್ಟ್ ಎಂದು ಬರೆದರೆ ಜರ್ಮನ್ ಪುಸ್ತಕಗಳು ಆಲ್ಬ್ರೆಕ್ಟ್, ರೂಪ್ರೆಕ್ಟ್ ಎನ್ನುತ್ತವೆ, ವ್ಯಕ್ತಿ ಒಬ್ಬನೇ. ಅಡಾಲ್ಫ್‌ಗಳನ್ನು ಸಂಖ್ಯೆಯಿಂದ ಗುರುತಿಸಬೇಡಿ, ರಾಜನ ಸಂಖ್ಯೆ, ಆರ್ಚ್‌ಬಿಷಪ್‌ರ ಸಂಖ್ಯೆ, ಡ್ಯೂಕರ ಸಂಖ್ಯೆ ಬೇರೆ ಬೇರೆ.

ಪುಸ್ತಕದಿಂದ ಪುಸ್ತಕಕ್ಕೆ ದಿನಾಂಕ ಯಾಕೆ ಬದಲಾಗುತ್ತದೆ?

ಮೂರು ಕಾರಣ. ಮೂಲಪತ್ರಗಳಲ್ಲಿ ದಿನಾಂಕ ಸಂತರ ಹಬ್ಬದಿಂದ ಬರುತ್ತದೆ. ಜೂನ್ 24 ಸಂತ ಯೋಹಾನನ ಹಬ್ಬ, ‘ಹಬ್ಬದ ಹಿಂದಿನ ದಿನ’ ಎಂದರೆ 23. ಎರಡನೆಯದು, ವರ್ಷದ ಆರಂಭ ಎಲ್ಲೆಡೆ ಜನವರಿ 1 ಅಲ್ಲ. ಟ್ರಿಯರ್ ಪದ್ಧತಿಯಲ್ಲಿ ವರ್ಷ ಮಾರ್ಚ್ 25ಕ್ಕೆ ಶುರು, ಆದ್ದರಿಂದ ಅಲ್ಲಿನ ಫೆಬ್ರವರಿಯ ಪತ್ರದಲ್ಲಿ ‘1297’ ಎಂದಿದ್ದರೆ ನಮ್ಮ ಲೆಕ್ಕಕ್ಕೆ 1298. ಮೂರನೆಯದು, ಇವೆಲ್ಲ ಜೂಲಿಯನ್ ಪಂಚಾಂಗದ ದಿನಗಳು. ಈಗಿನ ಪಂಚಾಂಗಕ್ಕೆ 7 ದಿನ ವ್ಯತ್ಯಾಸ. ಇತಿಹಾಸಕಾರರು ಪರಿವರ್ತಿಸದೆ ಹಾಗೇ ಬಿಡುತ್ತಾರೆ, ನೀವೂ ಬಿಡಿ. ವಾರ ಹುಡುಕುವಾಗ ಮಾತ್ರ ಈಗಿನ ಪಂಚಾಂಗದ ತಂತ್ರಾಂಶಕ್ಕೆ ಜುಲೈ 2ರ ಬದಲು ಜುಲೈ 9 ಕೊಡಿ, ಇಲ್ಲದಿದ್ದರೆ ತಾಳೆಯಾದಂತೆ ಕಂಡರೂ ಅದು ಆಕಸ್ಮಿಕ.

ಜರ್ಮನಿಯಲ್ಲಿರುವವರು ಏನೇನು ನೋಡಬಹುದು?

ಕೊಬ್ಲೆಂಟ್ಸ್‌ನಿಂದ ಲಾನ್ ಕಣಿವೆಯ ರೈಲು ಹಿಡಿದರೆ ನಸ್ಸೌ, ಲೌರೆನ್‌ಬುರ್ಗ್, ಲಿಂಬುರ್ಗ್, ವೈಲ್‌ಬುರ್ಗ್ ಒಂದೇ ದಾರಿಯಲ್ಲಿ ಸಿಗುತ್ತವೆ. ನಸ್ಸೌ ಕೋಟೆ ಊರಿನ ಎದುರು ದಡದ ಗುಡ್ಡದಲ್ಲಿದೆ, ಗೋಪುರ ಪಾಳುಬಿದ್ದ ಮೇಲೆ ಮತ್ತೆ ಕಟ್ಟಿದ್ದು. ವೀಸ್‌ಬಾಡೆನ್‌ನಿಂದ ಇಡ್‌ಸ್ಟೈನ್ ಮತ್ತು ಸೊನ್ನೆನ್‌ಬರ್ಗ್ ಕೋಟೆ ಹತ್ತಿರ. ಸ್ಪೈಯರ್‌ನಲ್ಲಿ ಕೆಥೆಡ್ರಲ್‌ನ ನೆಲಮಾಳಿಗೆಗೆ ಇಳಿದರೆ ನಾಲ್ವರು ಚಕ್ರವರ್ತಿಗಳು ಮತ್ತು ನಾಲ್ವರು ರಾಜರ ಗೋರಿಗಳಿವೆ, ಅಡಾಲ್ಫ್ ಮತ್ತು ಆಲ್ಬ್ರೆಕ್ಟ್ ಅಲ್ಲೇ. ಗೋಲ್‌ಹೈಮ್‌ಗೆ ರಸ್ತೆಯಲ್ಲಿ ಹೋಗುವುದು ಸುಲಭ. ಅಲ್ಲಿ ‘ರಾಜನ ಶಿಲುಬೆ’ 19ನೇ ಶತಮಾನದ ಸಣ್ಣ ಗುಡಿಯೊಳಗಿದೆ. ಅಲ್ಲಿಂದ ಕೆರ್ಟ್ಸೆನ್‌ಹೈಮ್ ಕಡೆಗೆ ಹೋದರೆ ರೋಸೆಂತಾಲ್ ಮಠದ ಪಾಳುಗೋಡೆಗಳು. ಗೋಲ್‌ಹೈಮ್ ಮತ್ತು ರೋಸೆಂತಾಲ್ ಮೊದಲು, ಸ್ಪೈಯರ್ ಆಮೇಲೆ, ಎಂಬ ಕ್ರಮದಲ್ಲಿ ನೋಡಿದರೆ ದೇಹ ಸಾಗಿದ ದಾರಿಯೇ ನಿಮ್ಮದೂ ಆಗುತ್ತದೆ.

ಸಣ್ಣ ಮನೆತನದಿಂದ ಬಂದ ಬೇರೆ ರಾಜರಿದ್ದಾರೆಯೇ?

1308ರಲ್ಲಿ ಆರಿಸಿದ ಲಕ್ಸೆಂಬರ್ಗ್‌ನ ಏಳನೇ ಹೆನ್ರಿಯೂ ಕೌಂಟ್ ಆಗಿದ್ದವನೇ. ಅವನ ಮಗನಿಗೆ ಬೊಹೀಮಿಯಾ ದಕ್ಕಿದ್ದರಿಂದ ಆ ಮನೆ ನೆಲೆನಿಂತಿತು. ಅಡಾಲ್ಫ್ ಥುರಿಂಜಿಯಾದಲ್ಲಿ ಹುಡುಕಿದ್ದು ಅಂಥದ್ದನ್ನೇ. ಶ್ವಾರ್ಟ್ಸ್‌ಬುರ್ಗ್‌ನ ಗ್ಯುಂಟರ್ 1349ರ ಜನವರಿ 30ರಂದು ನಾಲ್ಕನೇ ಚಾರ್ಲ್ಸ್‌ಗೆ ಎದುರಾಗಿ ಆಯ್ಕೆಯಾಗಿ, ಮೇ ತಿಂಗಳಲ್ಲಿ ಹಕ್ಕು ಬಿಟ್ಟುಕೊಟ್ಟು, ಜೂನ್ 14ರಂದು ಫ್ರಾಂಕ್‌ಫರ್ಟ್‌ನಲ್ಲಿ ಸತ್ತ. ಇನ್ನು ಪದಚ್ಯುತಿಯ ದಾರಿಯಲ್ಲಿ ಅಡಾಲ್ಫನ ನಂತರ ಬರುವ ಹೆಸರು ಲಕ್ಸೆಂಬರ್ಗ್‌ನ ವೆನ್ಸೆಲ್. 1400ರಲ್ಲಿ ರೈನ್ ದಡದ ನಾಲ್ವರು ಮತದಾರ ಪ್ರಭುಗಳು ಓಬರ್‌ಲಾನ್‌ಸ್ಟೈನ್‌ನಲ್ಲಿ ಅವನನ್ನು ಇಳಿಸಿ ಪಾಲಟೈನ್‌ನ ರೂಪ್ರೆಕ್ಟ್‌ನನ್ನು ಆರಿಸಿದರು.